ಹೆಣ್ಣುಮಕ್ಕಳ ಪೀಠ

"ಇನ್ನೊಂದು ಸಲ ಮಡಚು. ಇನ್ನೂ ಕುಣೀತಿದೆ," ಎಂದಳು ಅಕ್ಕ.

ತಂಗಿ ನೆಲಕ್ಕೆ ಮಂಡಿಯೂರಿ, ತನ್ನ ಪ್ರಬಂಧದ ಕರಡು ಹಾಳೆಯೊಂದನ್ನು ಮತ್ತೆ ಮಡಚಿ, ಅಕ್ಕ ಕುಳಿತಿದ್ದ ಮರದ ಸ್ಟೂಲಿನ ಗಿಡ್ಡ ಕಾಲಿನಡಿಗೆ ತುರುಕಿದಳು. ಹಾಳೆಯ ಅಂಚಿನಲ್ಲಿ ಅಪ್ಪನ ಕೆಂಪು ಪೆನ್ಸಿಲಿನ ಅಕ್ಷರ ಹೊರಗೆ ಇಣುಕುತ್ತಿತ್ತು: 'ಇನ್ನಷ್ಟು ದಿಟ್ಟವಾಗಿ ಬರೆ.'

"ಈಗ?"

"ಈಗ ಸರಿಹೋಯ್ತು. ನಿನ್ನ ಓದು ಅಂತೂ ಒಂದು ಕೆಲಸಕ್ಕೆ ಬಂತು ನೋಡು ಪುಟ್ಟಿ."

ಮನೆಯಲ್ಲಿ ಕುರ್ಚಿಗಳಿಗೆ ಬರವಿರಲಿಲ್ಲ. ಹೋದ ವಾರ ಗಂಡನ ಮನೆಯಿಂದ ಒಂದೇ ಒಂದು ಚೀಲ ಹಿಡಿದು ಬಂದ ಅಕ್ಕ, ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿ, ಉಗ್ರಾಣದಿಂದ ಈ ಸ್ಟೂಲನ್ನೇ ಹುಡುಕಿ ತಂದು ನಡುಮನೆಯಲ್ಲಿ ಹಾಕಿಕೊಂಡಿದ್ದಳು. ಅದಕ್ಕೆ ಕಾರಣ ತಂಗಿ ಪ್ರಬಂಧಕ್ಕಾಗಿ ಓದುತ್ತಿದ್ದ ಕಾದಂಬರಿ.

ನೈಜೀರಿಯಾದ ಇಗ್ಬೋ ಜನರ ಹಳೆಯ ಬದುಕಿನ ಕಥೆ ಅದು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತಮ್ಮಲ್ಲೊಬ್ಬಳಿಗೆ ಅನ್ಯಾಯವಾಯಿತೆಂದು ಕೇಳಿದರೆ, ತಂತಮ್ಮ ಪೀಠಗಳನ್ನು ತಲೆಯ ಮೇಲೆ ಹೊತ್ತು ತೌರಿಗೆ ಬರುತ್ತಾರೆ. ಅಂಗಳದ ನಡುವೆ ಸಾಲಾಗಿ ಕೂರುತ್ತಾರೆ. ಅವರ ಪ್ರಶ್ನೆಗೆ ಉತ್ತರ ದೊರೆಯುವ ತನಕ ಆ ಮನೆಯ ಒಲೆ ಉರಿಯಕೂಡದು. ಕುಳಿತ ಮಗಳನ್ನು ಎಬ್ಬಿಸುವ ಅಧಿಕಾರ ಹೆತ್ತವರಿಗೂ ಇಲ್ಲ, ತಾನಾಗಿ ಏಳಬೇಕು.

ಇದನ್ನು ಓದಿ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಮರುದಿನ ಸ್ಟೂಲು ಬಂದಿತ್ತು. ತಮಾಷೆಯೆಂದೇ ಎಲ್ಲರೂ ತಿಳಿದರು. ರಾತ್ರಿ ಮಲಗಲು ಎದ್ದವಳು ಬೆಳಗಾದರೆ ಮತ್ತೆ ಅಲ್ಲೇ. ಒಲೆಯಂತೂ ಆರಲಿಲ್ಲ, ಅಕ್ಕ ಅಲ್ಲೇ ಕುಳಿತು ಅಮ್ಮನಿಗೆ ತರಕಾರಿ ಹೆಚ್ಚಿಕೊಡುತ್ತಿದ್ದಳು.

ಅಕ್ಕನ ಪ್ರಶ್ನೆ ದೊಡ್ಡದೇನಲ್ಲ. ಅವಳ ಗಂಡ, ಅಕ್ಕನ ಬಾಯಲ್ಲಿ 'ದೊರೆ', ಕೆಲಸಕ್ಕೆ ಹೋಗುವಾಗ ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದ. ನಾನು ಅಲ್ಲಿಗೆ ಮತ್ತೆ ಹೋಗಬೇಕೇ? ಇಷ್ಟೇ.

"ಬೀಗ ಹಾಕದ ಮನೆ ಎಲ್ಲಿದೆಯಮ್ಮ?" ಎಂದಿದ್ದರು ಅಪ್ಪ.

"ಒಳಗೆ ಮನುಷ್ಯರಿದ್ದಾಗಲೂ ಹಾಕ್ತಾರಾ ಅಪ್ಪ?"

ಅಪ್ಪ ಕನ್ನಡಕ ಒರೆಸಿಕೊಂಡಿದ್ದರು. ಜೀವಮಾನವಿಡೀ ಮುಖ್ಯೋಪಾಧ್ಯಾಯರಾಗಿ ಸತ್ಯ, ನ್ಯಾಯ, ಸ್ವಾತಂತ್ರ್ಯಗಳನ್ನು ಕಪ್ಪುಹಲಗೆಯ ಮೇಲೆ ದುಂಡಗೆ ಬರೆಸಿದವರು. "ವಿಚಾರ ಮಾಡೋಣ," ಎಂದಿದ್ದರು.

ಆಗ ಅವಳು ಎಲ್ಲರೆದುರಿಗೇ ಅಕ್ಕನ ಭುಜ ಹಿಡಿದು ಹೇಳಿದ್ದಳು: "ನಾನು ಮನೇಲಿರೋವಾಗ ನಿನ್ನನ್ನ ಯಾರೂ ಕಳಿಸಲ್ಲ."

"ಬೇಗ ಬರ್ತೀಯಾ?" ಎಂದು ಈಗ ಅಕ್ಕ ಕೇಳಿದಳು.

"ಸಂಕಿರಣದಲ್ಲಿ ನನ್ನದು ಬೆಳಗಿನ ಗೋಷ್ಠಿ. ಓದಿದ ಕೂಡಲೇ ಹೊರಟುಬಿಡ್ತೀನಿ. ಅಪ್ಪನೂ ನನ್ನ ಜೊತೆ ಬರ್ತಾರೆ. ಮನೇಲಿ ಅಮ್ಮ ಒಬ್ಬಳೇ. ಅಮ್ಮ ನಿನ್ನನ್ನ ಎತ್ತಿ ಹೊರಗೆ ಹಾಕ್ತಾಳಾ?"

"ಗ್ಯಾಸ್ ಸಿಲಿಂಡರನ್ನೇ ಎತ್ತಲಾರಳು, ಪಾಪ," ಎಂದು ಅಕ್ಕ ನಕ್ಕಳು. "ಹೋಗು, ಚೆನ್ನಾಗಿ ಓದು. ಇಂಥವಳೊಬ್ಬಳು ನಮ್ಮ ನಡುಮನೇಲೂ ಕೂತಿದಾಳೆ ಅಂತ ಮಾತ್ರ ಹೇಳ್ಬೇಡ, ಮಾರಾಯ್ತಿ."

ವಿಚಾರ ಸಂಕಿರಣದ ಬಾಗಿಲಲ್ಲೇ ವಿಭಾಗದ ಮುಖ್ಯಸ್ಥೆ ಎದುರಾದರು. "ನಿಮ್ಮದು ಕೊನೆಗೆ. ನಿಮ್ಮ ತಂದೆಯವರೇ ಫೋನ್ ಮಾಡಿ ಕೇಳ್ಕೊಂಡ್ರಲ್ಲ? ಕೊನೇ ಪ್ರಬಂಧ ಎಲ್ಲರ ನೆನಪಿನಲ್ಲಿರುತ್ತೆ ಅಂದ್ರು."

ಅವಳು ಅಪ್ಪನತ್ತ ತಿರುಗಿದಳು. ಅಪ್ಪ ಮೊದಲ ಸಾಲಿನಲ್ಲಿ ಜಾಗ ಹಿಡಿಯುತ್ತಿದ್ದರು. ಎದೆ ತುಂಬಿ ಬಂತು. ಅದರ ತಳದಲ್ಲಿ ಏನೋ ಚುಚ್ಚಿತು. ಚುಚ್ಚಿದ್ದನ್ನು ಸಭಾಭೀತಿಯೆಂದು ಕರೆದು ಸುಮ್ಮನಾದಳು. ಹೆಸರಿಡುವುದರಲ್ಲಿ ಅವಳು ಪಳಗಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಅವಳ ಸರದಿ ಬಂತು. ದನಿ ನಡುಗಲಿಲ್ಲ. "ಈ ಕಾದಂಬರಿಯಲ್ಲಿ ಪೀಠವೆಂಬುದು ಬರಿಯ ಮರದ ತುಂಡು," ಎಂದು ಓದಿದಳು. "ಕುಳಿತ ಮಗಳನ್ನು ಬೈದು ಎಬ್ಬಿಸಲಾಗದು, ಹಸಿವಿನಿಂದ ಎಬ್ಬಿಸಲಾಗದು. ಪಕ್ಕದ ಪೀಠದವಳು ನನ್ನನ್ನು ಬಿಟ್ಟು ಏಳುವುದಿಲ್ಲ ಎಂಬ ನಂಬಿಕೆಯೇ ಅವಳ ಬಲ. ಆ ನಂಬಿಕೆಯೊಂದು ಮುರಿದರೆ ಸಾಕು, ಅವಳು ತಾನಾಗಿಯೇ ಏಳುತ್ತಾಳೆ."

ಈ ವಾಕ್ಯಗಳ ಅಡಿಗೆ ಅಪ್ಪ ಕರಡಿನಲ್ಲಿ ಎರಡು ಗೆರೆ ಎಳೆದಿದ್ದರು. ಮೆಚ್ಚುಗೆ ಹುಡುಕುತ್ತ ಅವಳು ತಲೆಯೆತ್ತಿದಳು. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು, ಬೆನ್ನು ಬಗ್ಗಿಸಿ ಹೊರಗೆ ಹೋಗುತ್ತಿದ್ದರು.

ಮರಳಿ ಬಂದಾಗ ಅವರ ಮುಖ ಹಗುರಾಗಿತ್ತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.

ಹಿಂದಿನ ಸಾಲಿನಿಂದ ಸಹಪಾಠಿಯೊಬ್ಬ ಎದ್ದುನಿಂತ. "ಒಲೆ ಹಚ್ಚಬಾರದು, ಸರಿ. ಗಂಡಸರು ಹೊರಗಡೆ ಉಂಡು ಬಂದ್ರೆ?"

"ಆ ಕಾದಂಬರಿಯಲ್ಲಿ ಹೋಟೆಲ್ ಇಲ್ಲ," ಎಂದಳು.

ಸಭೆ ಘೊಳ್ಳೆಂದು ನಕ್ಕಿತು. ಮೊದಲ ಬಹುಮಾನ ಅವಳಿಗೇ ಬಂತು: ಗಾಜಿನ ಚೌಕಟ್ಟಿನೊಳಗೆ ಪ್ರಶಸ್ತಿಪತ್ರ.

"ಇವತ್ತು ಹೊರಗೇ ಊಟ," ಎಂದರು ಅಪ್ಪ. ಕೈ ಬಿಗಿಹಿಡಿದು ಖರ್ಚು ಮಾಡುವ ಅವರ ಬಾಯಿಂದ ಈ ಮಾತು ಹಿಂದೆಂದೂ ಬಂದಿರಲಿಲ್ಲ.

"ಅಕ್ಕ ಕಾಯ್ತಿರ್ತಾಳೆ."

"ಅವಳದ್ದು ಊಟ ಆಗಿರುತ್ತೆ."

"ನಿಮಗೆ ಹೇಗೆ ಗೊತ್ತು?"

"ಹೊತ್ತಾಗಿದೆಯಲ್ಲ," ಎಂದು ಅಪ್ಪ ಗಡಿಯಾರ ನೋಡಿಕೊಂಡರು. "ನಿಧಾನವಾಗಿ ಉಣ್ಣು. ಅವಸರ ಏನಿದೆ?"

ಹಿಂದಿನ ಸಾಲಿನ ಪ್ರಶ್ನೆ ಆಗ ಅವಳ ತಲೆಯೊಳಗೆ ಮತ್ತೊಮ್ಮೆ ಕೇಳಿಸಿತು; ಈ ಬಾರಿ ಯಾರೂ ನಗಲಿಲ್ಲ. ಅವಳ ಕೈ ತಟ್ಟೆಯ ಮೇಲೆ ತಡೆಯಿತು. ಎದ್ದು ಓಡಬೇಕೆನಿಸಿತು. ಆದರೆ ಹಸಿವಾಗಿತ್ತು. ಪೂರ್ತಿ ಉಂಡಳು.

ನಡುಮನೆಯಲ್ಲಿ ಸ್ಟೂಲು ಇತ್ತು. ಅದರ ಮೇಲೆ ಯಾರೂ ಇರಲಿಲ್ಲ. ಮೊಳೆಯ ಮೇಲೆ ಚೀಲವಿರಲಿಲ್ಲ. ಅರ್ಧ ಹೆಚ್ಚಿದ ಬೀನ್ಸು ಪಕ್ಕದ ತಟ್ಟೆಯಲ್ಲಿ ಹಾಗೇ ಬಿದ್ದಿತ್ತು.

"ಭಾವ ಬಂದಿದ್ರು," ಎಂದಳು ಅಮ್ಮ, ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತ. "ಅವಳೇ ಹೋದ್ಲು. ಯಾರೂ ಕೈ ಹಿಡಿದು ಎಳೀಲಿಲ್ಲ."

"ಅವಳೇ ಎದ್ದಳಾ?"

"ಮೊದಲು ಜಪ್ಪಯ್ಯ ಅಂದ್ರೂ ಏಳ್ಲಿಲ್ಲ. ಆಮೇಲೆ ಒಂದೇ ಮಾತು ಕೇಳಿದ್ಲು."

"ಏನಂತ?"

"ಪುಟ್ಟಿಗೆ ಇದು ಗೊತ್ತಾ ಅಂತ."

ಲೋಟ ಕಿರುಗುಟ್ಟಿತು.

"ನೀನೇನಂದೆ?"

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಚಪ್ಪಲಿಗಳನ್ನು ಗೋಡೆಗೆ ಸಮನಾಗಿ ಜೋಡಿಸುತ್ತಿದ್ದರು.

"ಗೊತ್ತು ಅಂದೆ. ಗೊತ್ತಿದ್ದೇ ಈವತ್ತು ಹೊರಗೆ ಹೋಗಿದಾಳೆ ಅಂದೆ. ಹಾಗೇ ಹೇಳು ಅಂದಿದ್ರು ಇವರು. ಹಾಗಂದ್ರೆ ಮಾತ್ರ ಏಳ್ತಾಳೆ ಅಂದ್ರು."

ಎರಡು ಕೆಂಪು ಗೆರೆಗಳು ಅವಳ ಕಣ್ಣ ಮುಂದೆ ಬಂದವು. ಅಪ್ಪ ಒಳ್ಳೆಯ ಓದುಗರು. ಅವಳ ಪ್ರಬಂಧವನ್ನು ಸಭೆಯಲ್ಲಿ ಮೆಚ್ಚಿದವರು ಹಲವರು. ಅರ್ಥಮಾಡಿಕೊಂಡು ಬದುಕಿಗೆ ಅಳವಡಿಸಿಕೊಂಡವರು ಒಬ್ಬರೇ. ಅವಳು ಕೊಟ್ಟ ಮಾತನ್ನೂ ಅವರು ಮುರಿದಿರಲಿಲ್ಲ. ಅವಳು ಮನೆಯಲ್ಲಿದ್ದಾಗ ಅಕ್ಕನನ್ನು ಯಾರೂ ಕಳಿಸಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಅಷ್ಟು ಹೊತ್ತಿಗೆ ಆ ಬಾಗಿಲಿಗೆ ಬೀಗ ಬಿದ್ದಿರಬಹುದು. ಬೀಗದ ಒಳಗೆ ಕುಳಿತು ಅಕ್ಕ, ಬೆಳಗ್ಗೆ ತನ್ನ ಕಾಲ ಬಳಿ ಮಂಡಿಯೂರಿದ್ದ ತಂಗಿಯನ್ನು ನೆನೆಯುತ್ತಿರಬಹುದು: ಹೊರಡುವ ಮುನ್ನ ಎಷ್ಟು ಅಕ್ಕರೆಯಿಂದ ಹಾಳೆ ಮಡಚಿ ಇಟ್ಟಳು, ಕಳ್ಳಿ!

"ಅಪ್ಪ," ಎಂದಳು. ಮುಂದಿನ ಮಾತಿಗಾಗಿ ತಡಕಾಡಿದಳು. ನಾಲಿಗೆಗೆ ಬಂದವೆಲ್ಲ ಪ್ರಬಂಧದ ವಾಕ್ಯಗಳು. ಕರ್ತೃ, ಕರ್ಮ, ಕ್ರಿಯಾಪದಗಳೆಲ್ಲ ಸ್ವಸ್ಥಾನದಲ್ಲಿದ್ದ, ಬಹುಮಾನ ಪಡೆದ ವಾಕ್ಯಗಳು. ಒಂದರಲ್ಲೂ ಅಕ್ಕ ಇರಲಿಲ್ಲ.

"ನಾಳೆ ಮಾತಾಡೋಣ," ಎಂದರು ಅಪ್ಪ ಮೃದುವಾಗಿ. "ಅವಳ ಒಳ್ಳೇದಕ್ಕೇ ಅಲ್ವಾ. ನಿನಗೂ ಓದು ಮುಗೀಬೇಕು. ಅದನ್ನ ಇಲ್ಲಿ ಕೊಡು."

ಅವಳ ಕಂಕುಳಲ್ಲಿದ್ದ ಚೌಕಟ್ಟನ್ನು ತೆಗೆದುಕೊಂಡು, ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. ಗೋಡೆಯ ಕಡೆ ನೋಡಿದರು. ಮೊಳೆ ಖಾಲಿಯಿತ್ತು.

ಕಾಲಿನಿಂದ ಸ್ಟೂಲನ್ನು ಸರ್‍ರನೆ ಗೋಡೆಯ ಬುಡಕ್ಕೆ ತಳ್ಳಿದರು. ಮಡಚಿದ ಹಾಳೆ ಹಳೆಯ ಜಾಗದಲ್ಲೇ, ನಡುಮನೆಯ ನಡುವೆ, ಒಂಟಿಯಾಗಿ ಉಳಿಯಿತು. ಅಪ್ಪ ಹತ್ತಿ ನಿಂತರು. ಸ್ಟೂಲು ಅತ್ತಿತ್ತ ಕುಣಿಯಿತು.

"ಹಿಡ್ಕೋ ಪುಟ್ಟಿ, ಬೀಳ್ತೀನಿ!"

ಯೋಚಿಸುವ ಮೊದಲೇ ಅವಳು ಮಂಡಿಯೂರಿದ್ದಳು. ಎರಡೂ ಕೈ ಸ್ಟೂಲಿನ ಕಾಲುಗಳನ್ನು ಬಿಗಿಯಾಗಿ ಅಪ್ಪಿದ್ದವು. ಅವಳ ಮುಖದೆದುರು ಅಪ್ಪನ ಎರಡು ಪಾದಗಳು, ಒರೆಸಿದಂತೆ ಶುಭ್ರವಾಗಿ.

"ನೆಟ್ಟಗಿದೆಯಾ, ನೋಡು," ಎಂದರು ಅಪ್ಪ ಮೇಲಿನಿಂದ.

ತಲೆಯೆತ್ತಿದರೆ ಕೈ ಸಡಿಲವಾದೀತು. ಅವಳು ತಲೆಯೆತ್ತಲಿಲ್ಲ.

"ನೆಟ್ಟಗಿದೆ," ಎಂದಳು.

"ಬಿಡಬೇಡ, ಇನ್ನೂ ಸ್ವಲ್ಪ ಹೊತ್ತು."

ಅವಳು ಬಿಡಲಿಲ್ಲ.