ಬೀಗರ ತಲೆ ಮೇಲಿನ ಸಾಲು

ಗುರುಶಾಂತಮ್ಮನಿಗೆ ಹೊಟ್ಟೆಯುರಿ ಹತ್ತಿಕೊಂಡದ್ದು ತೊಂಬತ್ತೆಂಟರ ಯುಗಾದಿ ಕಳೆದ ಮೇಲೆ. ಎಂಥ ಉರಿ ಅಂದರೆ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನೆಲ್ಲ ಒಂದು ಸಾಲಿಗೆ ತಂದು ನಿಲ್ಲಿಸಿದ್ದರೂ ಆಕೆಯ ಹೊಟ್ಟೆಯ ಮುಂದೆ ನಾಚಿ ಆರಿಹೋಗುತ್ತಿದ್ದವು. ಅದಕ್ಕೆ ಕಾರಣ ಎರಡು ಓಣಿ ಆಚೆಯ ಯಲ್ಲಕ್ಕ, ಕೆರೆಯ ಊರು ಕೊಂಡಜ್ಜಿಯಿಂದ ಸೊಸೆಯಾಗಿ ಬಂದವಳು. ಅವಳ ಹೆಸರು ಕಿವಿಗೆ ಬಿದ್ದರೆ ಸಾಕು, ಗುರುಶಾಂತಮ್ಮನ ಕೈಯಲ್ಲಿದ್ದ ಚಹಾ ಕಷಾಯವಾಗುತ್ತಿತ್ತು.

ಚೌಕಿಪೇಟೆಯ ಹಿಂದಿನ ಓಣಿಯಲ್ಲಿ ಗುರುಶಾಂತಮ್ಮನದೊಂದು ಹಾಡಿನ ಮೇಳ. ಮದುವೆಮನೆಯಲ್ಲಿ ಸೋಬಾನೆ ಹಾಡುವುದು, ಅದಕ್ಕಿಂತ ಹೆಚ್ಚಾಗಿ ಹೆಣ್ಣಿನ ಕಡೆಯಿಂದ ನಿಂತು ಗಂಡಿನ ಕಡೆಯ ಬೀಗರನ್ನು ಹಂಗಿಸಿ ಹಾಡುವುದು ಅವರ ಕಸುಬು. ಹಾಡು ಕಟ್ಟುವವಳು ಗುರುಶಾಂತಮ್ಮನೇ. ಬೀಗರ ಹೊಟ್ಟೆ, ಮೂಗು, ಜಿಪುಣತನ, ಏನು ಕೊಟ್ಟರೂ ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ಹಾಡು ತಯಾರು. ಒಮ್ಮೆ ಹದಡಿಯ ಬೀಗರೊಬ್ಬರು ಆಕೆಯ ಹಾಡು ಕೇಳಿ ನಕ್ಕು ನಕ್ಕು, ಹಾಕಿಕೊಂಡಿದ್ದ ಹೊಸ ಅಂಗಿಯ ಗುಂಡಿಗಳೆಲ್ಲ ಸಿಡಿದು, ಅದರಲ್ಲೊಂದು ಪುರೋಹಿತರ ತಟ್ಟೆಗೇ ಬಿದ್ದಿತ್ತಂತೆ.

ಆರು ಹೆಂಗಸರನ್ನು ಒಟ್ಟಿಗೆ ಹಿಡಿದಿಡುವುದು ಆರು ಬೆಕ್ಕುಗಳನ್ನು ಒಂದೇ ಚೀಲದಲ್ಲಿ ಹೊತ್ತಂತೆ. ಆದರೆ ಗುರುಶಾಂತಮ್ಮನಿಗೆ ಅದರ ಗುಟ್ಟು ಗೊತ್ತಿತ್ತು. ಯಾರು ಯಾಕೆ ಬರುತ್ತಾರೆ ಅನ್ನುವುದನ್ನು ಹಿಡಿದರೆ ಅವರು ಬಿಟ್ಟು ಹೋಗುವುದಿಲ್ಲ. ಹಾಲಮ್ಮ ಬರುವುದು ಹೋಳಿಗೆಗೆ. ಆಕೆಯನ್ನು ಮೊದಲ ಪಂಕ್ತಿಗೆ ಕೂರಿಸಿದರೆ ಮೂರು ಊರಿಗೆ ಕೇಳುವಂತೆ ಹಾಡುತ್ತಾಳೆ. ಪಕ್ಕದ ಮನೆಯ ನೂರ್‌ಜಹಾನ್ ಬರುವುದು ಡೋಲಕ್ ಬಾರಿಸುವುದಕ್ಕೆ. ತವರಿನಿಂದ ತಂದ ಡೋಲಕ್ಕಿಗೆ ಮನೆಯಲ್ಲಿ ಬೆಲೆಯಿಲ್ಲ, ಅದರ ಮೇಲೆ ಅವಳ ಸೊಸೆ ಈರುಳ್ಳಿ ಒಣಗಿಸಲು ನೋಡಿದ್ದಳು. ಹೀಗೆ ಎಲ್ಲರ ಒಳಗೂ ಗುರುಶಾಂತಮ್ಮನಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಯಲ್ಲಕ್ಕನ ಒಳಗೂ ಸ್ಪಷ್ಟವೇ: ಅವಳು ಬರುವುದು ಗುರುಶಾಂತಮ್ಮನ ಜಾಗ ಹಿಡಿಯುವುದಕ್ಕೆ.

ಮೂರು ವರ್ಷದ ಹಿಂದಾದರೆ ಆ ಜಾಗದ ಮಾತೇ ಇರಲಿಲ್ಲ. ಮುಂದೆ ಕೂತು ಮೊದಲ ಸಾಲು ಎತ್ತುವವಳು ಗುರುಶಾಂತಮ್ಮ, ಹಿಂದಿನಿಂದ ಹಿಡಿಯುವವರು ಉಳಿದವರು. ಗಂಡ ತೀರಿಹೋದ ಮೇಲೆ, ಒಂದು ಮದುವೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಆಕೆಯ ಮುಂದೆ ಬಂದು, ಅರೆಗಳಿಗೆ ನಿಂತು, ಪಕ್ಕಕ್ಕೆ ಸರಿಯಿತು. ಆಕೆಯೇ ಎದ್ದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಕೂತಳು. ಅಂದಿನಿಂದ ಹಾಡು ಕಟ್ಟುವವಳು ಆಕೆ, ಎತ್ತುವವಳು ಬೇರೆ. ಈ ವರ್ಷ ಆ ಬೇರೆಯವಳು ಯಲ್ಲಕ್ಕ ಆದಳು. ಮಂದಿ ಯಲ್ಲಕ್ಕನ ದನಿಯನ್ನು ಕ್ಯಾಸೆಟ್ಟಿಗೆ ತುಂಬಿಕೊಂಡರು. ವಿಡಿಯೋದವನ ದೀಪ ಅವಳ ಮುಖದ ಮೇಲೇ ನಿಂತಿತು. ಉಡಿ ತುಂಬಿದರೆ ಅವಳಿಗೆ, ಕುಪ್ಪಸದ ಬಟ್ಟೆ ಅವಳಿಗೆ. "ಏನ್ ಹಾಡು ಕಟ್ಟೀಯವ್ವ ಯಲ್ಲಕ್ಕ!" ಅಂದರು ಒಬ್ಬರು. ಯಲ್ಲಕ್ಕ ಇಲ್ಲ ಅನ್ನಲಿಲ್ಲ, ಹಲ್ಲು ಕಿರಿದಳು. ಆ ಹಲ್ಲುಗಳು ಗುರುಶಾಂತಮ್ಮನಿಗೆ ಆರು ತಿಂಗಳು ಕನಸಿನಲ್ಲಿ ಬಂದವು.

ಅಷ್ಟರಲ್ಲಿ ಹರಿಹರದ ಮದುವೆ ಬಂತು. ಹೆಣ್ಣಿನ ಕಡೆಯವರು ಶಾಮನೂರಿನವರು, ಗಂಡಿನ ತಂದೆ ಹರಿಹರದ ಪರಮೇಶ್ವರಪ್ಪ. ಹೆಣ್ಣಿನ ತಾಯಿ ಬಂದು ಗುರುಶಾಂತಮ್ಮನ ಕಿವಿಯ ಹತ್ತಿರ ಬಾಯಿ ತಂದಳು.

"ಏನಾರ ಹಾಡ್ರಿ ಅಮ್ಮಾ, ಹೊಟ್ಟೆ ಹಾಡ್ರಿ, ಮೀಸೆ ಹಾಡ್ರಿ. ಕೂದಲ ಸುದ್ದಿ ಮಾತ್ರ ಬ್ಯಾಡ. ಬೀಗ್ರದು ವಿಗ್ಗು. ಯಾರಾರ ಅಂದ್ರೆ ಮಂಟಪ ಬಿಟ್ಟು ಎದ್ದು ಹೋಗೋ ಪೈಕಿ."

"ಆತು ಬಿಡವ್ವ, ನಂಗೆ ಗೊತ್ತಾಗಲ್ವಾ?" ಅಂದಳು ಗುರುಶಾಂತಮ್ಮ.

ಅಂದೇ ಕೂತು ಹಾಡು ಕಟ್ಟಿದಳು. ಮೊದಲು ಹೊಟ್ಟೆಯ ಸಾಲು, ಆಮೇಲೆ ಮೀಸೆಯದು. ಮೂರನೆಯದು ತಾನಾಗಿಯೇ ನಾಲಗೆಗೆ ಬಂತು:

ಬೀಗರ ತಲಿ ಮ್ಯಾಲೆ ಕರಿಕೋಳಿ ಕುಂತೈತೆ,
ಫ್ಯಾನು ಹಾಕಬ್ಯಾಡ್ರಿ, ಹಾರಿ ಹೋದೀತು!

ಮೂರೂ ಸಾಲನ್ನು ಯಲ್ಲಕ್ಕನಿಗೆ ಕಲಿಸಿದಳು. ವಿಗ್ಗಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ, ಗುರುಶಾಂತಮ್ಮ ಹೇಳಲೂ ಇಲ್ಲ. "ಭಾಳ ಚೆನ್ನಾಗೈತೆ ದೊಡ್ಡಮ್ಮ!" ಎಂದು ಯಲ್ಲಕ್ಕ ನಕ್ಕಳು. ನೂರ್‌ಜಹಾನ್ ನಗಲಿಲ್ಲ. ಹೆಣ್ಣಿನ ತಾಯಿಯ ಪಿಸುಮಾತು ಗೋಡೆಯಾಚೆ ಅವಳ ಕಿವಿಗೂ ಬಿದ್ದಿತ್ತು.

"ಗುರಕ್ಕ, ಇದೇನ್ ಮಾಡಕತ್ತೀರಿ?" ಅಂದಳು, ಎಲ್ಲರೂ ಹೋದ ಮೇಲೆ.

"ನಾನೇನ್ ಮಾಡಿದೆ? ಹಾಡು ಕಟ್ಟಿದೆ."

"ಎಲ್ಲಾರೂ ಯಾಕ ಬರ್ತಾರೆ ಅಂತ ಹೇಳ್ತೀರಲ್ಲ, ನೀವು ಯಾಕ ಬರ್ತೀರಿ ಅಂತ ಒಂದ್ಸಲ ಕೇಳ್ಕೊಂಡೀರೇನು?"

"ನಿನ್ನ ಡೋಲಕ್ಕಿಗೆ ಈರುಳ್ಳಿ ಹಾಕ್ಸೇನು, ಹೋಗು!" ಎಂದು ಗುರುಶಾಂತಮ್ಮ ಗದರಿದಳು. ಆದರೆ ಆ ಮಾತು ಹಲ್ಲಿನಲ್ಲಿ ಸಿಕ್ಕ ಅಡಿಕೆಯ ಚೂರಿನಂತೆ ಉಳಿಯಿತು.

ಮದುವೆಯ ದಿನ ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಯಲ್ಲಕ್ಕ ಬಂದು ಆಕೆಯ ಪಕ್ಕದಲ್ಲೇ ಕೂತಳು. ಕೂತವಳು ಬಾಯಿ ಮುಚ್ಚಲಿಲ್ಲ. ಕಂಡಕ್ಟರನೇ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಾತು.

ಗುರುಶಾಂತಮ್ಮನಿಗೆ ತಡೆಯಲಾಗಲಿಲ್ಲ. "ಏನವ್ವ, ಇಷ್ಟು ಕೂಗ್ತೀಯಲ್ಲ, ಮನೆಯಾಗೂ ಹಿಂಗೇನಾ? ನಮ್ಮ ಮೇಳಕ್ಕೆ ಯಾಕ ಬರ್ತೀ ನೀನು? ಖರೇ ಹೇಳು."

"ಕೂಗಾಕೇ ಬರ್ತೀನಿ ದೊಡ್ಡಮ್ಮ!" ಎಂದು ಯಲ್ಲಕ್ಕ ನಕ್ಕಳು. "ನಮ್ಮನೇರದ್ದು ಕಾರ್ಖಾನೆಯಾಗ ರಾತ್ರಿ ಪಾಳಿ. ಹಗಲೆಲ್ಲ ಮಲಗ್ತಾರೆ. ಒಂದೇ ಕೋಣೆ ಮನೆ. ಒಂಬತ್ತು ವರ್ಷಾತು, ಪಿಸುಪಿಸು ಅಂತಾನೇ ಬಾಳೇವು ಮಾಡೀನಿ. ಕುಕ್ಕರ್ ಸೀಟಿ ಹೊಡೆಯೋ ಮೊದ್ಲೇ ಇಳಿಸ್ತೀನಿ. ಸೀನು ಬಂದ್ರೆ ಓಣಿಗೆ ಓಡ್ತೀನಿ. ನಮ್ಮತ್ತೆ ಅಂತೂ ಲೋಟ ಇಟ್ಟ ಸಪ್ಪಳಕ್ಕೂ ಕಣ್ಣು ಬಿಡ್ತಾಳೆ. ನಿಮ್ಮ ಅಂಗಳದಾಗ ಬಂದು ಒಂದು ಸಾಲು ಎತ್ತಿದ್ರೆ ನೋಡ್ರಿ, ವಾರದ ಉಸಿರೆಲ್ಲ ಹೊರಗೆ ಬರ್ತೈತೆ."

"ಮತ್ತೆ ಅತ್ತೆ ಕಳಿಸ್ತಾಳಾ?"

"ಮದ್ವಿ ಮನಿಗೋಳು ಹೊಗಳ್ತಾವಲ್ಲ, ಅದಕ್ಕ ಕಳಿಸ್ತಾಳೆ. ಒಂದು ದೂರು ಬರ್ಲಿ ಅಂತ ಕಾಯ್ಕಂಡು ಕುಂತಾಳೆ. ಬಂತೋ, ಅವತ್ತಿಗೆ ನನ್ನ ಬಾಯಿಗೆ ಬೀಗ."

ಗುರುಶಾಂತಮ್ಮ ಕಿಟಕಿಯ ಕಡೆ ಮುಖ ಮಾಡಿದಳು. ಮೂರನೆಯ ಸಾಲು ಬಿಡು ಅನ್ನಬೇಕು. ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಏನು ಹೇಳುವುದು? ಇಳಿದ ಮೇಲೆ ಹೇಳಿದರಾಯಿತು ಅಂದುಕೊಂಡಳು. ಉರಿಯೇನು ಪೂರ್ತಿ ಆರಿರಲಿಲ್ಲ. ಇವಳು ಹಗಲಿಡೀ ಪಿಸುಗುಟ್ಟಿದರೂ ದನಿ ಮಾತ್ರ ಹೀಗೆ ಹೊಳೆ ಬಂದಂತೆ ಇರುವುದು ಯಾವ ನ್ಯಾಯ ಅನ್ನಿಸಿತು.

ಇಳಿದ ಮೇಲೆ ಹೇಳಲು ಯಾರು ಬಿಟ್ಟರು? ಕಲ್ಯಾಣ ಮಂಟಪದ ಬಾಗಿಲಲ್ಲೇ ಹೆಣ್ಣಿನ ಕಡೆಯವರು ಯಲ್ಲಕ್ಕನ ಕೈ ಹಿಡಿದು ಒಳಗೆ ಎಳೆದೊಯ್ದರು. ಗುರುಶಾಂತಮ್ಮನಿಗೆ ಅಡಿಗೆಮನೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ನಡುವೆ ಮುನ್ನೂರು ಮಂದಿ, ಆಕೆಯ ಲೆಕ್ಕದಲ್ಲಿ ಮೂರು ಸಾವಿರ.

ನೂರ್‌ಜಹಾನಳ ಡೋಲಕ್ ಎದ್ದಿತು. ಯಲ್ಲಕ್ಕ ಹೊಟ್ಟೆಯ ಸಾಲು ಎತ್ತಿದಳು. ಮಂಟಪ ನಕ್ಕಿತು, ಪರಮೇಶ್ವರಪ್ಪನೂ ಹೊಟ್ಟೆ ಸವರಿಕೊಂಡು ನಕ್ಕ. ಮೀಸೆಯ ಸಾಲಿಗೆ ಅವನ ಹೆಂಡತಿಯೂ ನಕ್ಕಳು. ವಿಡಿಯೋದ ದೀಪ ಯಲ್ಲಕ್ಕನ ಮೂಗುಬೊಟ್ಟಿನ ಮೇಲೆ ಥಳಥಳ ಅಂದಿತು. ನಗುವೆಲ್ಲ ನನ್ನದು, ಬೆಳಕೆಲ್ಲ ಅವಳದು ಎಂದು ಗುರುಶಾಂತಮ್ಮ ಕುರ್ಚಿಯ ತುದಿಗೆ ಸರಿದಳು. ಹಾಡಿಬಿಡಲಿ, ಒಂದು ಸಾಲು ತಾನೇ? ಆಮೇಲೆ ಆ ಹಲ್ಲು ಯಾರಿಗೂ ಕಾಣುವುದಿಲ್ಲ.

"ಬೀಗರ ತಲಿ ಮ್ಯಾಲೆ..."

ಮೇಳದ ಪದ್ಧತಿ ಒಂದಿತ್ತು: ಸಾಲಿನ ಮೊದಲ ತುಂಡನ್ನು ಮುಂದಿನವಳು ಎರಡು ಸಲ ಹಾಡಬೇಕು, ಮಂದಿಯ ಕಿವಿ ನಿಮಿರಲಿ ಎಂದು. ಪರಮೇಶ್ವರಪ್ಪನ ನಗು ನಿಂತಿತು. ಕೈ ತಾನಾಗಿ ತಲೆಗೆ ಹೋಯಿತು. ಹೆಣ್ಣಿನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಲ್ಲಕ್ಕ ಕಣ್ಣು ಮುಚ್ಚಿ, ಒಂಬತ್ತು ವರ್ಷದ ಉಸಿರನ್ನೆಲ್ಲ ಎಳೆದುಕೊಂಡು ಎರಡನೆಯ ಸಲ ಎತ್ತಿದಳು:

"ಬೀಗರ ತಲಿ ಮ್ಯಾಲೆ..."

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಗುರುಶಾಂತಮ್ಮನಿಗೆ ಆಮೇಲೆ ಕೇಳಿಸಿತು. ಮೊದಲು ಕೇಳಿಸಿದ್ದು ತನ್ನದೇ ದನಿ, ಮೂರು ವರ್ಷದ ತುಕ್ಕು ಕಿತ್ತುಕೊಂಡು ಮಂಟಪದ ತಗಡಿಗೆ ಬಡಿದದ್ದು:

"...ಬೀಗತಿ ಕುಂತಾಳೆ,
ಇಳಿಯವ್ವ ಅಂದ್ರೂ ಇಳಿಯಳು, ಹೊತ್ಕಂಡೇ ಬಂದಾನೆ!"

ಮಂಟಪದಲ್ಲಿ ನಗು ಎದ್ದ ರಭಸಕ್ಕೆ ತುಂಗಭದ್ರೆಯ ಸೇತುವೆ ಅಲುಗಾಡಿರಬೇಕು. ಎಲ್ಲರಿಗಿಂತ ಜೋರಾಗಿ ನಕ್ಕವನು ಪರಮೇಶ್ವರಪ್ಪ. "ಖರೇ ಐತೆ, ಖರೇ ಐತೆ!" ಎಂದು ಹೆಂಡತಿಯ ಕಡೆ ಕೈ ಮಾಡಿದ. ವಿಡಿಯೋದವನು ಗಾಬರಿಯಾಗಿ ದೀಪ ತಿರುಗಿಸಿದ. ಅಡಿಗೆಮನೆಯ ಬಾಗಿಲು ಹಗಲಾಯಿತು. ಕಣ್ಣು ಕುಕ್ಕಿದರೂ ಗುರುಶಾಂತಮ್ಮ ಕೂರಲಿಲ್ಲ. ಇನ್ನೊಂದು ಸಾಲು ಎತ್ತಿದಳು, ಮತ್ತೊಂದು ಎತ್ತಿದಳು, ಅಲ್ಲೇ ಕಟ್ಟಿ ಅಲ್ಲೇ ಹಾಡಿದಳು. ಯಲ್ಲಕ್ಕ ಹಿಂದಿನಿಂದ ಹಿಡಿದಳು.

ಉಡಿ ತುಂಬಿದ್ದು ಯಲ್ಲಕ್ಕನಿಗೇ. ತಟ್ಟೆ ಅಡಿಗೆಮನೆಯ ಬಾಗಿಲಿಗೆ ಬರಲಿಲ್ಲ.

ವಾಪಸು ಬಸ್ಸಿನಲ್ಲಿ ಯಲ್ಲಕ್ಕ ಪಕ್ಕದಲ್ಲೇ ಕೂತಳು, ಮುಖ ಮಾತ್ರ ಆಚೆ ಕಡೆಗೆ. ಹಾಲಮ್ಮ ಹೋಳಿಗೆಯ ಗಂಟು ಹಿಡಿದು ನಿದ್ದೆ ಹೋಗಿದ್ದಳು. ಗುರುಶಾಂತಮ್ಮ ತಾನಾಗಿಯೇ ಬಾಯಿ ಬಿಟ್ಟಳು.

"ನೋಡವ್ವ, ಆ ಸಾಲು... ಬೀಗ್ರದು ವಿಗ್ಗು. ನಂಗೆ ಮೊದ್ಲೇ ಗೊತ್ತಿತ್ತು."

ಯಲ್ಲಕ್ಕ ಉಡಿಯ ಕೊಬ್ಬರಿ ಬಟ್ಟಲನ್ನು ತಿರುಗಿಸಿದಳು. "ಗೊತ್ತಾತು ಬಿಡ್ರಿ. ಆಯಪ್ಪ ತಲಿ ಹಿಡ್ಕಂಡಾಗ್ಲೇ ಗೊತ್ತಾತು." ಆಮೇಲೆ ಮುಖ ಊದಿಸಿಕೊಂಡು ಅಂದಳು, "ಮುಂದಿನ ಸಲ ನೀವು ಬಾಗಿಲಾಗ ಕೂಡ್ರಬ್ಯಾಡ್ರಿ ದೊಡ್ಡಮ್ಮ. ಬೀದಿಯಾಗ ಕೂಡ್ರಿ. ನೀವು ಬಾಯಿ ತೆಗೆದ್ರೆ ನಂದು ಯಾರಿಗೂ ಕೇಳಂಗಿಲ್ಲ. ಆ ದೀಪದಾಂವ ಅಂತೂ ಆಮ್ಯಾಲೆ ನನ್ನ ಕಡೆ ತಿರುಗಲೇ ಇಲ್ಲ."

"ಏನು, ಹೊಟ್ಟೆಯುರಿ ಏನು ನಿಂಗೆ?"

"ಹೂಂ ಮತ್ತೆ! ಉರಿಯಲ್ಲೇನು?"

ಹಿಂದಿನ ಸೀಟಿನಲ್ಲಿ ನೂರ್‌ಜಹಾನ್ ಡೋಲಕ್ಕಿನ ಮೇಲೆ ಬೆರಳಿನಿಂದ ಒಂದು ಸಣ್ಣ ಪೆಟ್ಟು ಕೊಟ್ಟಳು. ಗುರುಶಾಂತಮ್ಮ ತಿರುಗಿ ನೋಡಲಿಲ್ಲ. ಮೂರು ವರ್ಷದಲ್ಲಿ ಯಾರೂ ತನ್ನನ್ನು ಕಂಡು ಉರಿದುಕೊಂಡಿರಲಿಲ್ಲ. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕಿಟಕಿಗೆ ಒರಗಿದಳು. ಹೊಟ್ಟೆ ತಣ್ಣಗಿತ್ತು, ಕೊಂಡಜ್ಜಿಯ ಕೆರೆಯಷ್ಟು ತಣ್ಣಗೆ.

"ಉರೀಲಿ ಬಿಡವ್ವ," ಅಂದಳು, "ನಾಳೆ ಬಾ. ಬಾಯಿ ತುಂಬ ಕೂಗೋ ಅಂಥದೊಂದು ಕಟ್ಟಿಕೊಡ್ತೀನಿ. ಮೊದಲ ಸಾಲು ಮಾತ್ರ ನಂದು."