ಸಾಯಲು ಬಿಡದ ಸನ್ಮಾನಗಳು

ಮಗ ಸಾಯುವುದನ್ನು ಒಮ್ಮೆ ಕಣ್ತುಂಬ ನೋಡಬೇಕು ಎಂಬುದು ಉಪ್ಪುಂದದ ಜಲಜಕ್ಕನ ಬಹಳ ದಿನದ ಆಸೆಯಾಗಿತ್ತು.

ಇದರಲ್ಲಿ ಗಾಬರಿ ಬೀಳುವಂಥದ್ದು ಏನೂ ಇಲ್ಲ. ಮಗ ವಿಶಾಲ ಒಂಬತ್ತನೇ ಕ್ಲಾಸಿನ ಹುಡುಗ, ದೋಸೆ ಹೊಯ್ಯುವವರ ಕೈ ಸೋಲುವ ತನಕ ತಿಂದು ಗಟ್ಟಿಮುಟ್ಟಾಗಿದ್ದ. ಆದರೆ ಅವನು ಊರಿನ ಕಡಲತೆರೆ ಮಕ್ಕಳ ಮೇಳದಲ್ಲಿ ರಾಕ್ಷಸನ ವೇಷ ಮಾಡುತ್ತಿದ್ದ. ಯಕ್ಷಗಾನದಲ್ಲಿ ರಾಕ್ಷಸ ಎಂದ ಮೇಲೆ ಕೊನೆಗೆ ಸಾಯಲೇಬೇಕು. ಇವನು ಮಾತ್ರ ಎರಡು ವರ್ಷದಿಂದ ವೇಷ ಕಟ್ಟುತ್ತಲೇ ಇದ್ದ, ಸಾಯುತ್ತಿರಲಿಲ್ಲ.

ತಪ್ಪು ಅವನದಲ್ಲ. ಜನ ಅವನನ್ನು ಸಾಯಲು ಬಿಡುತ್ತಿರಲಿಲ್ಲ. ಹೊಗಳುತ್ತಿದ್ದರು.

ಕಡಲತೆರೆ ಮೇಳ ಎಂದರೆ ಭೋಜರಾಜ ಮಾಷ್ಟ್ರು ಕಡಲ ಬದಿಯ ಹಳೇ ಐಸ್ ಪ್ಲಾಂಟಿನ ಶೆಡ್ಡಿನಲ್ಲಿ ನಡೆಸುವ ಯಕ್ಷಗಾನ ಶಾಲೆ. ಮೀನುಗಾರರ ಕೇರಿಯ ಮಕ್ಕಳೂ ಹೋಟೆಲಿನವರ ಮನೆ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು, ಗಿರಗಿರ ಸುತ್ತಿ ಹಾರಿ ಧೀಂಗಣ ಹಾಕುವ ಜಾಗ ಅದೊಂದೇ. ಮಕ್ಕಳು ಚೆನ್ನಾಗಿ ಕುಣಿಯುತ್ತಾರೆ, ಪದ್ಯದ ಬೆನ್ನಿಗೆ ಆಡುವ ಮಾತನ್ನು, ಅಂದರೆ ಅರ್ಥವನ್ನು, ನಾಲಿಗೆ ತಡವರಿಸದೆ ಹೇಳುತ್ತಾರೆ ಎಂದು ಸುದ್ದಿಯಾದ ಮೇಲೆ ಬೈಂದೂರಿನಿಂದ ಬ್ರಹ್ಮಾವರದ ತನಕ ಎಲ್ಲಿ ಯಕ್ಷಗಾನದ ಆಟವಾದರೂ ಮೇಳಕ್ಕೊಂದು ಸನ್ಮಾನ ಕಟ್ಟಿಟ್ಟದ್ದೇ ಆಯಿತು.

ನಮ್ಮ ಕಡೆ ಸನ್ಮಾನಕ್ಕೊಂದು ಕ್ರಮವಿದೆ. ಆಟಕ್ಕೆ ಮೊದಲು ಸಭೆ ಇಟ್ಟರೆ ಜನ ಬಂದಿರುವುದಿಲ್ಲ. ಆಟ ಮುಗಿದ ಮೇಲೆ ಇಟ್ಟರೆ ಜನ ಉಳಿದಿರುವುದಿಲ್ಲ. ಆದ್ದರಿಂದ ಕಥೆ ಬಿಗಿಯಾಗಿ, ಇನ್ನೇನು ರಾಕ್ಷಸ ಸಾಯಬೇಕು ಎನ್ನುವಾಗ ಆಟ ನಿಲ್ಲಿಸಿ, ರಂಗಸ್ಥಳದ ಮೇಲೆ ಕುರ್ಚಿ ಹಾಕಿ, ಒಬ್ಬೊಬ್ಬರಾಗಿ ಹೊಗಳಲು ಶುರು ಮಾಡುತ್ತಾರೆ. ರಾಕ್ಷಸ ಸತ್ತನೋ ಇಲ್ಲವೋ ಎಂದು ತಿಳಿಯದೆ ಯಾರೂ ಎದ್ದು ಹೋಗುವ ಹಾಗಿಲ್ಲ.

ಕಿರಿಮಂಜೇಶ್ವರದಲ್ಲಿ ಹೊಗಳಿಕೆ ಮುಗಿಯುವ ಮೊದಲು ಕರೆಂಟು ಹೋಯಿತು. ಕೊಲ್ಲೂರಿನಲ್ಲಿ ಹೊಗಳುತ್ತಿದ್ದವರಿಗೇ ದಣಿವಾಗಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಬ್ರಹ್ಮಾವರದ ಮದುವೆ ಹಾಲಿನಲ್ಲಿ ಸನ್ಮಾನ ಎಷ್ಟು ಉದ್ದವಾಯಿತೆಂದರೆ, ಅದೇ ಹಾಲಿನಲ್ಲಿ ಮುಂದಿದ್ದ ಆರತಕ್ಷತೆಯ ದಿಬ್ಬಣ ಒಳಗೆ ಬಂದೇಬಿಟ್ಟಿತು. ಮದುಮಗಳ ಪಕ್ಕ ನಿಂತ ವಿಶಾಲನ ಫೋಟೋ ಆ ಮನೆಯ ಆಲ್ಬಮ್ಮಿನಲ್ಲಿ ಈಗಲೂ ಇದೆ. ಅವನು ಗಂಡಿನ ಕಡೆಯವನೆಂದು ಹೆಣ್ಣಿನ ಕಡೆಯವರೂ, ಹೆಣ್ಣಿನ ಕಡೆಯವನೆಂದು ಗಂಡಿನ ಕಡೆಯವರೂ ತಿಳಿದುಕೊಂಡಿದ್ದಾರೆ.

ಬಂದ ಶಾಲುಗಳಿಂದ ಮಾಷ್ಟ್ರ ಹೆಂಡತಿ ಶೆಡ್ಡಿನ ಕಿಟಕಿಗಳಿಗೆಲ್ಲ ಪರದೆ ಹೊಲಿದರು. ಆಮೇಲೆ ಪಕ್ಕದ ಮನೆಯ ಕಿಟಕಿಗಳಿಗೂ ಹೊಲಿದರು. ಸ್ಮರಣಿಕೆಗಳನ್ನು ಒಂದರ ಮೇಲೊಂದು ಇಟ್ಟು ಬಾವಿಕಟ್ಟೆಗೆ ಮೆಟ್ಟಿಲು ಮಾಡಿಯಾಗಿತ್ತು. ಹಣ್ಣಿನ ಬುಟ್ಟಿ ಮಾತ್ರ ಒಂದೇ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ. ಅದು ಒಂದು ಸಮಿತಿಯಿಂದ ಇನ್ನೊಂದು ಸಮಿತಿಗೆ ಹೋಗುತ್ತ, ಅದರಲ್ಲಿದ್ದ ಸೇಬು ಜಿಲ್ಲೆಯಲ್ಲೇ ಅತಿ ಹೆಚ್ಚು ಸಭೆಗಳಲ್ಲಿ ವೇದಿಕೆ ಹಂಚಿಕೊಂಡ ಹಣ್ಣಾಗಿತ್ತು.

ಮೀನು ಮಾರ್ಕೆಟಿನಲ್ಲಿ ಜಲಜಕ್ಕನಿಗೆ ಮುಖ ಎತ್ತುವುದೇ ಕಷ್ಟವಾಯಿತು. ಪಕ್ಕದಲ್ಲಿ ಬುಟ್ಟಿ ಇಟ್ಟು ಕೂರುವ ವನಜ ಬೆಳಿಗ್ಗೆ ಬಂದ ಕೂಡಲೇ ಕೇಳುವಳು.

"ಹ್ವಾಯ್ ಜಲಜಕ್ಕ, ನಿನ್ನೆ ಆದ್ರೂ ಮಗ ಸತ್ನಾ?"

"ಇಲ್ಲ ಮರಾಯ್ತಿ. ಈ ಸಲವೂ ಬದ್ಕಂಡ."

"ಅಯ್ಯೋ ಪಾಪ. ಎಷ್ಟ್ ಆಸೆ ಮಡ್ಗಂಡಿದ್ದಿ ನೀನು."

ಮೀನು ಕೊಳ್ಳಲು ಬಂದ ಹೊರಊರಿನವರು ಇದನ್ನು ಕೇಳಿ, ಚೌಕಾಸಿ ಮಾಡದೆ ಬಂಗಡೆ ತೆಗೆದುಕೊಂಡು ಹೋಗುತ್ತಿದ್ದರು.

ವಿಶಾಲನ ಸಂಕಟ ಬೇರೆಯೇ. ಅವನು ಸಾವನ್ನು ಅಷ್ಟು ಚೆನ್ನಾಗಿ ಕಲಿತಿದ್ದ. ಮನೆಯ ಅಂಗಳದಲ್ಲಿ ಬಲೆಯ ರಾಶಿಯ ಮೇಲೆ ಬಿದ್ದು ಬಿದ್ದು ಅಭ್ಯಾಸ ಮಾಡಿದ್ದ. ಎದೆ ಹಿಡಿದು ಸುತ್ತುವುದು, ಮಂಡಿಯೂರುವುದು, ಎದ್ದು ಒಮ್ಮೆ ಘರ್ಜಿಸುವುದು, ಆಮೇಲೆ ತೆಂಗಿನಮರ ಉರುಳಿದ ಹಾಗೆ ಬೀಳುವುದು. ಬರುವ ವರ್ಷ ಅವನಿಗೆ ಹತ್ತನೇ ಕ್ಲಾಸು. ಪರೀಕ್ಷೆ ಮುಗಿಯುವ ತನಕ ವೇಷ ಇಲ್ಲ ಎಂದು ಅಪ್ಪ ಬೋಟಿನಿಂದಲೇ ಫೋನು ಮಾಡಿ ಹೇಳಿದ್ದ. ಕುಂದಾಪುರದಲ್ಲಿ ಒಂದು ಆಟ ಬಾಕಿ ಇತ್ತು. ಅಲ್ಲಿ ಸತ್ತರೆ ಸತ್ತ, ಇಲ್ಲದಿದ್ದರೆ ಇಲ್ಲ.

ಕುಂದಾಪುರದ ಆಟಕ್ಕೆ ಜಲಜಕ್ಕ ವನಜಳನ್ನೂ ಎಳೆದುಕೊಂಡು ಹೋಗಿ ಎದುರಿನ ಸಾಲಿನಲ್ಲೇ ಕೂತಳು. ಸಂಜೆ ಬೆಳಕಿರುವಾಗಲೇ ಆಟ ಶುರುವಾಯಿತು. ವೇಷಭೂಷಣ ಬಾಡಿಗೆಗೆ ಕೊಡುವ ಯೋಗೀಶ ಮೊದಲೇ ಹೇಳಿದ್ದ: ಎಂಟು ಗಂಟೆಗೆ ಕಿರೀಟ, ಗೆಜ್ಜೆ ಎಲ್ಲ ಟೆಂಪೋ ಹತ್ತಬೇಕು, ಇನ್ನೊಂದು ಊರಿನವರು ಕಾಯುತ್ತಿದ್ದಾರೆ. ರಾಜಕುಮಾರನಾಗಿದ್ದ ಅಕ್ಷಿತಾ ರಾಕ್ಷಸನನ್ನು ಹುಡುಕಿಕೊಂಡು ಕಾಡಿಗೆ ಬಂದಳು. ವಿಶಾಲ ಘರ್ಜಿಸಿದ. ಅಷ್ಟರಲ್ಲಿ ಕುರ್ಚಿಗಳು ಬಂದವು.

ಗಣ್ಯರು ಕೂತರು. ಸಮಿತಿಯ ಅಧ್ಯಕ್ಷರು ಮೈಕು ಹಿಡಿದರು. ಅಧ್ಯಕ್ಷರು ಯಾರೆಂದು ನೋಡಿದ ಜಲಜಕ್ಕ "ಮುಗೀತ್" ಎಂದಳು.

ಅವರು ಹೋಟೆಲ್ ಉದ್ಯಮಿ ರಾಜೀವ ಶೆಟ್ಟರು. ಮುಂಬಯಿಯಲ್ಲಿ ಹೋಟೆಲು, ಊರಿನಲ್ಲಿ ತಾಳಮದ್ದಳೆಯ ಹುಚ್ಚು. ವೇಷವಿಲ್ಲದೆ ಕೂತು ಬರೀ ಮಾತಿನಲ್ಲೇ ಪಾತ್ರ ಕಟ್ಟುವ ಆ ಕೂಟದಲ್ಲಿ ಶೆಟ್ಟರು ಹೆಸರು ಮಾಡಿದ್ದರು. ಒಮ್ಮೆ ಮದುವೆಯಲ್ಲಿ ನಾಲ್ಕು ಮಾತು ಹಾರೈಸಲು ಎದ್ದವರು ಹಾರೈಸಿ ಮುಗಿಸುವ ಹೊತ್ತಿಗೆ ಮದುಮಗಳ ಸೀಮಂತದ ದಿನ ಗೊತ್ತಾಗಿತ್ತು. ಅವರೆದುರು ಹಾಲಿಗೆ ಹೆಪ್ಪು ಹಾಕಿಟ್ಟರೆ ಮುಕ್ತಾಯದ ಹೊತ್ತಿಗೆ ಮಜ್ಜಿಗೆ ಕುಡಿಯಬಹುದು. ಆದರೆ ಒಳ್ಳೆಯ ಮನುಷ್ಯ. ಮಕ್ಕಳ ಮೇಲೆ ನಿಜವಾದ ಪ್ರೀತಿ. ಅದೇ ತೊಂದರೆ. ಪ್ರೀತಿಯಿದ್ದವರು ಬೇಗ ಮುಗಿಸುವುದಿಲ್ಲ.

"ಈ ಕಲೆಯ ಬಗ್ಗೆ ಮಾತಾಡ್ಕಿದ್ರೆ ಮೊದ್ಲು ಕಡಲು ಹ್ಯಾಂಗೆ ಹುಟ್ಟಿತ್ ಅಂದೇಳಿ ತಿಳ್ಕಣ್ಕ್" ಎಂದು ಶೆಟ್ಟರು ಆರಂಭಿಸಿದರು.

ಅವರು ಕಡಲು ಹುಟ್ಟಿಸಿ, ದಡ ಮೂಡಿಸಿ, ಮೊದಲ ತೆಂಗಿನ ಸಸಿ ನೆಟ್ಟು, ಅದು ಫಲ ಬಿಡುವ ತನಕ ಬರುವಾಗ ಏಳು ದಾಟಿತ್ತು. ಜಲಜಕ್ಕ ಎದ್ದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಂಗಸ್ಥಳದ ಹಿಂದೆ ವೇಷ ಕಟ್ಟುವ ಚೌಕಿಗೆ ನಡೆದಳು.

ಅಲ್ಲಿ ರಾಕ್ಷಸ ಪೆಟ್ಟಿಗೆಯ ಮೇಲೆ ಕೂತು, ಮುಖದ ಬಣ್ಣ ಹಾಳಾಗದ ಹಾಗೆ ಸ್ಟ್ರಾ ಹಾಕಿ ಸೋಡಾ ಕುಡಿಯುತ್ತಿದ್ದ. ಬಾಗಿಲಲ್ಲಿ ಯೋಗೀಶ ಖಾಲಿ ಚೀಲ ಹಿಡಿದು ನಿಂತಿದ್ದ.

"ಅಮ್ಮ, ಇವತ್ತೂ ಇಲ್ಲ ಕಾಣತ್" ಎಂದ ವಿಶಾಲ. ಅಷ್ಟು ದೊಡ್ಡ ಮೀಸೆಯ ಅಡಿಯಿಂದ ಅಷ್ಟು ಸಣ್ಣ ದನಿ ಬಂದದ್ದು ಕೇಳಿ ಜಲಜಕ್ಕ ಮಾಷ್ಟ್ರನ್ನು ಹುಡುಕಿದಳು.

ಮೂಲೆಯಲ್ಲಿ ಭೋಜರಾಜ ಮಾಷ್ಟ್ರು ಹೊಸ ಶಾಲು ಹೊದ್ದು ತಲೆ ತಗ್ಗಿಸಿ ಕೂತಿದ್ದರು.

"ಮಾಷ್ಟ್ರೆ, ನೀವ್ ಒಂದ್ ಮಾತ್ ಹೇಳುಕಾಗ್ದಾ ಶೆಟ್ರಿಗೆ?"

"ನಾ ಹ್ಯಾಂಗ್ ಹೇಳುದು ಜಲಜಕ್ಕ? ನಮ್ಮನ್ನೇ ಹೊಗಳ್ತಾ ಇಪ್ಪರ್ ಹತ್ರ ಬಾಯಿ ಮುಚ್ಚಿ ಅಂದೇಳಿ ಹೇಳುಕಾತ್ತಾ?"

"ಬೈದ್ರೆ ನಿಲ್ಸುಕಾತ್ತ್. ಹೊಗಳ್ರೆ ನಿಲ್ಸುಕಾಗ್ದಾ? ಇದೆಂತ ನ್ಯಾಯ?"

"ತಾಳಮದ್ದಳೆಯಗೂ ಅವ್ರ್ ಹೀಂಗೇ. ಭಾಗವತ್ರ್ ತಾಳ ತಟ್ಟಿ ಮುಂದಿನ ಪದ್ಯ ಎತ್ತುವ ತನಕ ನಿಲ್ಸುದೇ ಇಲ್ಲ. ಪದ್ಯ ಎತ್ರೆ ಮಾತ್ರ ಅರ್ಧ ಮಾತಲ್ಲೇ ಬಾಯಿ ಮುಚ್ತ್ರ್. ಅಷ್ಟ್ ಮಟ್ಟಿಗೆ ಕ್ರಮಸ್ಥ ಜನ."

ಮಾಷ್ಟ್ರು ಇದನ್ನು ದುಃಖದಿಂದ ಹೇಳಿದ್ದರು. ಜಲಜಕ್ಕನ ಕಣ್ಣು ಮಾತ್ರ ಆಚೆ ಕೂತಿದ್ದ ಧನ್ಯಶ್ರೀಯ ಕಡೆ ತಿರುಗಿತು. ಧನ್ಯಶ್ರೀ ಮೇಳದ ಭಾಗವತ. ಹಾಡುವುದೂ ಅವಳೇ, ಆಟವನ್ನು ನಡೆಸುವುದೂ ಅವಳೇ. ಕಾಲೇಜಿಗೆ ಹೋಗುವ ಹೆಣ್ಣು.

"ಧನ್ಯಾ, ನಿನ್ ಕೈಯಗೆ ಇಪ್ಪುದೆಂತ ಮಗಾ?"

"ತಾಳ, ಜಲಜತ್ತೆ."

"ಹಾಂಗಾರೆ ಸುಮ್ನೆ ಎಂತಕ್ಕೆ ಕೂಕಂಡಿದ್ದಿ?"

ಧನ್ಯಶ್ರೀ ತಾಳವನ್ನು ನೋಡಿದಳು, ಮಾಷ್ಟ್ರನ್ನು ನೋಡಿದಳು, ಎದ್ದಳು. ಮಾಷ್ಟ್ರು ಅವಳನ್ನು ತಡೆಯಲೆಂದು ದಡಬಡ ಎದ್ದರು. ಎದ್ದವರು ದಾರಿ ಬಿಟ್ಟುಕೊಟ್ಟು ಮತ್ತೆ ಕೂತರು.

ಜಲಜಕ್ಕ ಓಡಿ ಬಂದು ತನ್ನ ಜಾಗದಲ್ಲಿ ಕೂರುವುದಕ್ಕೂ ಶೆಟ್ಟರು "ಈ ಮಕ್ಕಳ ಸಾಧನೆ ಕಂಡಾಗ ನಂಗೆ ನೆನಪಾಪ್ದು" ಎನ್ನುವುದಕ್ಕೂ ಸರಿಹೋಯಿತು. ಅವರ ಬೆನ್ನ ಹಿಂದೆ ತಾಳ ಠಣ್ ಎಂದಿತು. ಚಂಡೆ ಒಮ್ಮೆ ಗುಡುಗಿತು. ಧನ್ಯಶ್ರೀ ಏರುದನಿಯಲ್ಲಿ ಎತ್ತಿದಳು:

*ಸಾಕು ಸಾಕೆಲೊ ದೈತ್ಯ ಮಾತಿನ ಬಡಿವಾರ*
*ತೂಕ ತಿಳಿವೆನು ನಿನ್ನ ತೋಳ ಬಲದೊಳು*

ಶೆಟ್ಟರ ಬಾಯಿ ಮುಚ್ಚಿತು. ಏನು ನೆನಪಾಗುತ್ತದೆ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಲವತ್ತು ವರ್ಷದ ಅಭ್ಯಾಸ, ದೇಹ ತನ್ನಷ್ಟಕ್ಕೆ ಕೆಲಸ ಮಾಡಿತು. ಅವರು ಹಿಂದಿನ ಕುರ್ಚಿಯಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಪದ್ಯ ಕೇಳಿದರು. ಪದ್ಯ ಮುಗಿದದ್ದೇ ಅಕ್ಷಿತಾ ಬಿಲ್ಲು ಹಿಡಿದು ನುಗ್ಗಿ ಬಂದಳು.

"ಎಲವೋ ದೈತ್ಯ, ಯುದ್ಧಕ್ಕೆ ಕರೆದರೆ ಮಾತಿನ ಮಂಟಪ ಕಟ್ಟುವೆಯಾ?"

ಅವಳು ಇದನ್ನು ಚೌಕಿಯಿಂದ ಬರಬೇಕಿದ್ದ ವಿಶಾಲನಿಗೆ ಹೇಳಿದ್ದು. ಆದರೆ ಪದ್ಯವಾದ ಮೇಲೆ ಪ್ರಶ್ನೆ ಬಂದರೆ ಉತ್ತರ ಕೊಡದೆ ಇರಲು ಶೆಟ್ಟರಿಗೆ ತಿಳಿಯದು. ತಲೆಯ ಮೇಲೆ ಜರಿಯ ಪೇಟ, ಹೆಗಲ ಮೇಲೆ ಶಾಲು. ಎದ್ದೇಬಿಟ್ಟರು.

"ಭಲಾ ಕುಮಾರ, ಮಾತು ನನ್ನ ದೌರ್ಬಲ್ಯವಲ್ಲ, ನನ್ನ ಆಯುಧ. ಇದರಿಂದ ಎಷ್ಟು ಮಂದಿಯನ್ನು ಉರುಳಿಸಿದ್ದೇನೆ, ಎದುರು ಕೂತವರನ್ನೇ ಕೇಳು."

ಎದುರು ಕೂತವರು ಚಪ್ಪಾಳೆ ತಟ್ಟಿದರು. ಅನುಭವ ಇದ್ದವರು ಜೋರಾಗಿ ತಟ್ಟಿದರು. ವೇದಿಕೆಯ ಮೇಲಿದ್ದ ಉಳಿದ ಗಣ್ಯರು ಎದ್ದು ಹೋಗುವುದೋ ಕೂರುವುದೋ ತಿಳಿಯದೆ ರಾಕ್ಷಸನ ಆಸ್ಥಾನವಾಗಿ ಅಲ್ಲೇ ಉಳಿದರು.

ವನಜ ಬಗ್ಗಿ ಕೇಳಿದಳು. "ಹ್ವಾಯ್, ಸಾಯುದ್ ಶೆಟ್ರಾ ಈಗ?"

"ಸುಮ್ನಿರ್" ಎಂದಳು ಜಲಜಕ್ಕ. ಭಾಷಣ ನಿಲ್ಲಿಸಲು ಹೋಗಿ ಅರ್ಥ ಶುರುವಾಗಿತ್ತು. ಅರ್ಥಕ್ಕಿಳಿದ ಶೆಟ್ಟರನ್ನು ಬೆಳಗಾಗುವ ತನಕ ಯಾರೂ ಹಿಡಿಯುವಂತಿಲ್ಲ. ರಂಗಸ್ಥಳದ ಬದಿಯಲ್ಲಿ ಯೋಗೀಶನ ಚೀಲ ಬಾಯಿ ತೆರೆದು ನಿಂತಿತ್ತು.

ಅಕ್ಷಿತಾಳೂ ಅದನ್ನು ನೋಡಿದಳು. ಬಿಲ್ಲು ಕೆಳಗಿಳಿಸಿದಳು.

"ಅಯ್ಯಾ ದೈತ್ಯರಾಜ, ನಿನ್ನ ತಲೆ ನರೆತಿದೆ. ವೃದ್ಧರ ಮೇಲೆ ಬಾಣ ಬಿಡುವುದು ನನ್ನ ಗುರುಗಳು ಕಲಿಸಿದ ವಿದ್ಯೆಯಲ್ಲ. ಅರಮನೆಯಲ್ಲಿ ನಿನಗೊಬ್ಬ ಮಗನಿದ್ದಾನಂತೆ. ಎರಡು ವರ್ಷದಿಂದ ಬಾಗಿಲ ಹಿಂದೆ ಕಾಯುತ್ತಿದ್ದಾನಂತೆ. ಅವನನ್ನು ಕಳುಹಿಸು. ನೀನು ಕೂತು ನೋಡು."

ಶೆಟ್ಟರು ಅವಳನ್ನು ನೋಡಿದರು. ಮೈಕು ನೋಡಿದರು. ತಲೆಯ ಪೇಟ ಮುಟ್ಟಿ ನೋಡಿಕೊಂಡರು. ತಾನು ಎಲ್ಲಿದ್ದೇನೆ ಎಂದು ಅವರಿಗೆ ಆಗ ಹೊಳೆಯಿತು. ಆದರೆ ಎದುರಾಳಿ ಒಳ್ಳೆಯ ಮಾತು ಹೇಳಿದಾಗ ತಲೆಬಾಗದವನು ಅರ್ಥಧಾರಿಯೇ ಅಲ್ಲ. ಶೆಟ್ಟರು ಬಾಗಿದರು. ಆಮೇಲೆ ಚೌಕಿಯ ಕಡೆ ತಿರುಗಿ ಕಂಬ ನಡುಗುವ ಹಾಗೆ ಕರೆದರು.

"ಮಗನೇ, ಬಾ."

ವಿಶಾಲ ಬಂದ. ಅವನ ಘರ್ಜನೆಗೆ ಎದುರಿನ ಹೋಟೆಲಿನ ಬೋಂಡ ಎಣ್ಣೆಯಲ್ಲಿ ತಾನಾಗಿ ಮಗುಚಿಕೊಂಡಿತು ಎಂದು ಹೋಟೆಲಿನವರೇ ಹೇಳುತ್ತಾರೆ. ಶೆಟ್ಟರು ಸನ್ಮಾನಕ್ಕೆಂದು ತಂದಿಟ್ಟಿದ್ದ ಶಾಲನ್ನು ಎತ್ತಿ ರಾಕ್ಷಸನ ಹೆಗಲಿಗೆ ಹೊದಿಸಿದರು. "ಇದು ನಿನ್ನ ತಂದೆಯ ಆಶೀರ್ವಾದ, ಹೋಗು" ಎಂದು ಆಸ್ಥಾನದಲ್ಲಿ ಹೋಗಿ ಕೂತರು. ಕರಾವಳಿಯಲ್ಲಿ ಅಷ್ಟು ಬೇಗ ಮುಗಿದ ಸನ್ಮಾನ ಅದೊಂದೇ.

ಮುಂದೆ ಯುದ್ಧ. ಮುಂದೆ ಬಾಣ. ಮುಂದೆ ಸಾವು.

ವಿಶಾಲ ಸತ್ತ. ಎದೆ ಹಿಡಿದು ಸುತ್ತಿ, ಮಂಡಿಯೂರಿ, ಎದ್ದು ಘರ್ಜಿಸಿ ತೆಂಗಿನಮರದ ಹಾಗೆ ಉರುಳಿದ. ಜನ ಎದ್ದು ಕೂಗಿದರು. ಅದನ್ನು ಕೇಳಿ ಮತ್ತೆ ಎದ್ದ. ಕುಂದಾಪುರದ ಸಾವು ಮುಗಿದಿತ್ತು, ಕಿರಿಮಂಜೇಶ್ವರದ್ದು ಉಳಿದಿತ್ತು. ಅದನ್ನೂ ಸತ್ತ. ಕೊಲ್ಲೂರಿನದ್ದನ್ನು ಮಂಡಿಯಲ್ಲಿ ತಿರುಗುತ್ತ ಸತ್ತ. ಬ್ರಹ್ಮಾವರದ್ದಕ್ಕೆ ಎದ್ದಾಗ ಅಕ್ಷಿತಾಳ ಬಳಿ ಬಾಣ ಮುಗಿದು, ಅವಳು ಕಣ್ಣಲ್ಲೇ "ಸಾಕು ಮಾರಾಯ" ಎಂದಳು. ಕೊನೆಯ ಸಲ ಬಿದ್ದಾಗ ಪಕ್ಕದಿಂದ ಯೋಗೀಶನ ಎರಡು ಕೈ ಬಂದು, ಹೆಣದ ಕಾಲಿನ ಗೆಜ್ಜೆ ಬಿಚ್ಚಿಕೊಂಡು ಹೋದವು.

ಜಲಜಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ಸತ್ತ ಕಾಣ್ ವನಜ. ಎಷ್ಟ್ ಚಂದ ಸತ್ತ ಕಾಣ್."

"ಹೌದೇ ಜಲಜಕ್ಕ. ಇಷ್ಟ್ ಲಾಯ್ಕ್ ಸತ್ತರನ್ನ ನಾ ಕಾಣ್ಲೇ ಇಲ್ಲ."

ಧನ್ಯಶ್ರೀ ಆಟ ಮುಗಿಸುವ ಮಂಗಳ ಹಾಡಿದಳು. ಎರಡು ವರ್ಷದ ನಂತರ ಮೇಳದ ಒಂದು ಆಟ ಮಂಗಳಕ್ಕೆ ತಲುಪಿತ್ತು. ಟೆಂಪೋ ಹೊರಡುವಾಗ ಎಂಟಕ್ಕೆ ಸ್ವಲ್ಪ ಮೇಲಾಗಿತ್ತು. ಅದಕ್ಕೆ ಯೋಗೀಶ ಏನೂ ಅನ್ನಲಿಲ್ಲ. ಅವನೂ ಮೂಗು ಒರೆಸಿಕೊಳ್ಳುತ್ತಿದ್ದ.

ಬಾಗಿಲಲ್ಲಿ ಶೆಟ್ಟರು ಸಿಕ್ಕಿದರು. ಪೇಟ ಇನ್ನೂ ತಲೆಯ ಮೇಲೆಯೇ ಇತ್ತು. ಬೈಯುತ್ತಾರೋ ಏನೋ ಎಂದು ಮಾಷ್ಟ್ರು ಜಲಜಕ್ಕನ ಬೆನ್ನ ಹಿಂದೆ ಸರಿದರು.

"ಮಾಷ್ಟ್ರೆ, ಆ ಅಪ್ಪ ರಾಕ್ಷಸನ ಪಾತ್ರ ಮುಂದಿನ ಆಟಕ್ಕೂ ಇತ್ತಾ?"

"ನೀವ್ ಬತ್ರಿ ಅಂದ್ರೆ ಇತ್ತ್ ಶೆಟ್ರೆ."

"ಬತ್ತೆ. ಆರೆ ಆ ಹೆಣ್ಣಿನ ಹತ್ರ ಹೇಳಿ, ನನ್ ತಲೆ ಅಷ್ಟ್ ನರೆತಿಲ್ಲ ಅಂದೇಳಿ."

ಮಾರನೆಯ ದಿನ ಮಾರ್ಕೆಟಿನಲ್ಲಿ ಬಂದವರೆಲ್ಲ ಜಲಜಕ್ಕನ ಬುಟ್ಟಿಯೆದುರು ನಿಂತು ಮಗ ಸತ್ತದ್ದು ಭಾರೀ ಚೆನ್ನಾಗಿತ್ತು ಎಂದು ಹೇಳಿ ಹೋದರು. ವಿಶಾಲನ ಅಪ್ಪ ಬೋಟಿನಿಂದ ಫೋನು ಮಾಡಿ, ವೀಡಿಯೋ ನೋಡಿದೆ, ಹತ್ತನೇ ಕ್ಲಾಸಿನಲ್ಲೂ ರಜೆಯಲ್ಲಿ ಒಂದೆರಡು ಸಲ ಸಾಯಬಹುದು ಎಂದು ಒಪ್ಪಿಗೆ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಬ್ರಹ್ಮಾವರದ ಒಂದು ಸಮಿತಿಯವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಒಬ್ಬರ ಕೈಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಒಳಗಿದ್ದ ಸೇಬಿನ ಗುರುತು ಜಲಜಕ್ಕನಿಗೆ ಕೂಡಲೇ ಸಿಕ್ಕಿತು.

"ಜಲಜಕ್ಕ, ನಿಮ್ ಮಗ ಇಡೀ ಊರಿಗೆ ಹೆಸ್ರ್ ತಂದ. ನಮ್ಮಲ್ಲಿ ಅವ್ನಿಗೊಂದ್ ಸನ್ಮಾನ ಮಡ್ಗ್‌ಕ್ ಅಂದೇಳಿ ಇತ್ತ್."

"ಮಡ್ಗಿ, ಸಂತೋಷ" ಎಂದಳು ಜಲಜಕ್ಕ. "ಆರೆ ಒಂದೇ ಮಾತ್. ಅವ ಸತ್ ಮೇಲೆ ಮಾಡಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ, ಮೀನು ಕೊಯ್ಯುವ ಕತ್ತಿ ಅವಳ ಕೈಯಲ್ಲೇ ಇತ್ತು.