ಕರಡಿಯೊಳಗಿನ ವಾಸನೆ

ಮಕ್ಕಳ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಲ್ಲುವ ಕರಡಿ ನಾರುತ್ತಿದೆ ಎಂದು ಮೊದಲು ತೋರಿಸಿಕೊಟ್ಟದ್ದು ಒಂದು ಮಗು. ಕೈ ಕುಲುಕಲು ಓಡಿ ಬಂದದ್ದು ಮೂಗು ಹಿಡಿದುಕೊಂಡು ಅಮ್ಮನ ಹಿಂದೆ ಅಡಗಿತು. ಆಮೇಲೆ ಇನ್ನೂ ಕೆಲವು ಮಕ್ಕಳು ಹಾಗೇ ಮಾಡಿದವು. ಮೊಮ್ಮಗನ ಜೊತೆ ಕರಡಿಯ ಪಕ್ಕ ನಿಂತ ಅಜ್ಜಿಯೊಬ್ಬರು ಫೋಟೊ ಮುಗಿಯುವವರೆಗೂ ಉಸಿರು ಬಿಗಿಹಿಡಿದಿದ್ದರು. ಫೋಟೊ ಮಾತ್ರ ಚೆನ್ನಾಗಿ ಬಂದಿತ್ತು.

ಕರಡಿ ವೇಷದೊಳಗೆ ಇಬ್ಬರು ಸರದಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಗಿನ ಪಾಳಿ ಭಾವನದು, ಸಂಜೆಯ ಪಾಳಿ ಭಾವಮೈದುನನದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆಗಳನ್ನು ಅಳತೆಗೆ ತಕ್ಕಂತೆ ಬಿಗಿ, ಸಡಿಲ ಮಾಡಿಕೊಡುತ್ತಿದ್ದ ಹೆಂಗಸು ಮೊದಲನೆಯವನ ಹೆಂಡತಿ, ಎರಡನೆಯವನ ಅಕ್ಕ. ತಮ್ಮ ಕರೆಯುವುದನ್ನು ಕೇಳಿ ಕೇಳಿ ಅಂಗಡಿಯವರೆಲ್ಲ ಅವಳನ್ನು ಅಕ್ಕ ಎಂದೂ ಅವಳ ಗಂಡನನ್ನು ಭಾವ ಎಂದೂ ಕರೆಯುತ್ತಿದ್ದರು. ತಮ್ಮ ಎಲ್ಲರಿಗೂ ತಮ್ಮನೇ.

ಮಾಲೀಕ ಅಕ್ಕನನ್ನು ಒಳಗೆ ಕರೆದ.

"ಇಬ್ಬರಲ್ಲಿ ವಾಸನೆ ಯಾರದು ಅಂತ ಹೇಳಮ್ಮ. ಯಾರದೋ ಅವರು ಇನ್ಮೇಲೆ ಬೇಡ. ಇನ್ನೊಬ್ಬರು ಎರಡೂ ಪಾಳಿ ನೋಡ್ಕೊಳ್ಲಿ."

"ನಾನು ಹೇಗೆ ಹೇಳ್ಲಿ ಸರ್?"

"ನೀನಲ್ಲದೆ ಇನ್ಯಾರು ಹೇಳ್ತಾರೆ? ಒಬ್ಬ ಗಂಡ, ಒಬ್ಬ ಒಡಹುಟ್ಟಿದವನು. ಮೊದಲು ಆ ಕರಡಿನ ಒಗೆದು ತಾ. ಬರುವಾಗ ಹೆಸರೂ ತಾ."

ಬಾಗಿಲಿಗೆ 'ಕರಡಿ ರಜೆಯಲ್ಲಿದೆ' ಎಂಬ ಬೋರ್ಡು ಬಿತ್ತು.

ಪ್ಯಾಕಿಂಗ್ ಕಾರ್ಖಾನೆ ಮುಚ್ಚಿದ ಮೇಲೆ ಭಾವನಿಗೆ ಸಿಕ್ಕಿದ್ದ ಕೆಲಸ ಇದು. ಅವನು ಅದನ್ನು ಹುದ್ದೆ ಎಂದೇ ತಿಳಿದಿದ್ದ. ಕರಡಿ ಹೇಗೆ ನಡೆಯುತ್ತದೆ ಎಂದು ಮೃಗಾಲಯಕ್ಕೆ ಹೋಗಿ ನೋಡಿ ಬಂದಿದ್ದ. ತಮ್ಮನೋ, ಕೆಲಸ ಹುಡುಕಿಕೊಂಡು ಬಂದು ಅಕ್ಕನ ಮನೆಯಲ್ಲಿ ಕೆಲವು ತಿಂಗಳಿಂದ ಇದ್ದ. ಅವನ ಕರಡಿ ಬಸ್ಸು ತಪ್ಪಿಸಿಕೊಂಡವನ ಹಾಗೆ ನಿಲ್ಲುತ್ತಿತ್ತು.

ಅಕ್ಕ ಕರಡಿಯನ್ನು ಮನೆಗೆ ಹೊತ್ತು ತಂದು ಒಳಮೈ ಹೊರಗೆ ಮಾಡಿ ಬಚ್ಚಲಲ್ಲಿ ಹರಡಿದಳು. ಗುಲಾಬಿ ಸೆಂಟಿನ ಘಾಟು ಬಂತು, ಅದರ ಬೆನ್ನಿಗೇ ನಿಂಬೆಯದು. ಅವಳಿಗೆ ಬೇರೆ ಯಾವ ವಾಸನೆಯೂ ಬರಲಿಲ್ಲ.

"ಸೆಂಟು ಯಾರು ಹೊಡೆದಿದ್ದು?"

ಇಬ್ಬರೂ ಹೊಡೆದಿದ್ದರು. ದೂರು ಬಂದ ದಿನದಿಂದ, ತನ್ನ ಮೇಲೆ ಮಾತು ಬರದಿರಲಿ ಎಂದು, ಪಾಳಿ ಬದಲಾಗುವ ಮುಂಚೆ ಒಬ್ಬೊಬ್ಬರೂ ಗುಟ್ಟಾಗಿ ಹೊಡೆದೇ ಒಪ್ಪಿಸುತ್ತಿದ್ದರು.

"ಅವನದ್ದು ಮುಚ್ಚಕ್ಕೆ ಹೊಡೀತಿದ್ದೆ ಕಣೇ," ಎಂದ ಗಂಡ.

"ಭಾವ, ನಾನು ಹೊಡೀತಿದ್ದಿದ್ದೂ ಅದಕ್ಕೇ," ಎಂದ ತಮ್ಮ.

ಕರಡಿಯ ಪಾಲಿಯೆಸ್ಟರ್ ಬಟ್ಟೆ ನೀರನ್ನು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಬಿಡುವುದಿಲ್ಲ. ವಾಸನೆ ಆ ಜಿಡ್ಡಿನಲ್ಲಿ ಬೇರು ಬಿಡುತ್ತದೆ. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರಾವಣ ಅದರ ಮೇಲೊಂದು ಪದರ ಕಟ್ಟಿ ಕಾಪಾಡುತ್ತದೆ. ಅಕ್ಕ ಆ ಬಾಟಲಿಯನ್ನು ಮುಟ್ಟಲಿಲ್ಲ. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕಲಸಿ ಕರಡಿಯನ್ನು ನೆನೆಹಾಕಿದಳು. ಮಾರನೆಯ ದಿನ ಸ್ವಲ್ಪವೇ ಸೋಪಿನ ಪುಡಿ ಹಾಕಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ಫ್ಯಾನಿನ ಕೆಳಗೆ ನೇತುಹಾಕಿದಳು. ತಲೆಯಿಲ್ಲದ ಕರಡಿ ಊಟದ ಮೇಜಿನ ಪಕ್ಕದಲ್ಲೇ ತೂಗಾಡಿತು. ತಲೆ ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿತ್ತು.

ಒಣಗಿದ ಮೇಲೆ ಮೂವರೂ ಮೂಸಿದರು. ಏನೂ ಇರಲಿಲ್ಲ.

"ಮುಗೀತಲ್ಲ. ಕೊಟ್ಟು ಬಾ," ಎಂದ ಗಂಡ.

"ತಣ್ಣಗಿರುವಾಗ ಹಾಗೇ ಇರತ್ತೆ ರೀ. ಇಸ್ತ್ರಿ ತಾಗಿದ ತಕ್ಷಣ ಶುರುವಾಗೋ ಎಷ್ಟು ಅಂಗಿ ನೋಡಿಲ್ಲ ನಾನು? ಬೆಚ್ಚಗಾಗ್ಬೇಕು."

ಅವಳು ಸ್ನಾನ ಮಾಡಿ ಬಂದು ತಾನೇ ಕರಡಿಯೊಳಗೆ ಹೊಕ್ಕಳು. ಸುಮ್ಮನೆ ಕೂರುವ ಅಭ್ಯಾಸ ಅವಳಿಗಿರಲಿಲ್ಲ. ಪಂಜಗಳನ್ನು ಕಳಚಿಟ್ಟು, ಮನೆಯ ಮಿಷನ್ನಿನ ಮುಂದೆ ಕೂತು ಒಂದು ಫ್ರಾಕಿನ ಅಂಚು ಹೊಲಿದಳು. ಪಕ್ಕದ ಮನೆಯಾಕೆ ಸೂಜಿ ಕೇಳಲು ಬಂದವಳು ಕರಡಿಯ ಕೈಯಿಂದ ಸೂಜಿ ಪಡೆದು ಏನೂ ಕೇಳದೆ ಹೋದಳು.

ಮೈ ಚೆನ್ನಾಗಿ ಬೆವರಿದ ಮೇಲೆ ಅಕ್ಕ ತಲೆ ತೆಗೆದಳು.

"ನನಗೇನೂ ಬರ್ತಿಲ್ಲ."

ಗಂಡ ಬಗ್ಗಿ ಕರಡಿಯ ಕಂಕುಳಲ್ಲಿ ಮೂಗಿಟ್ಟ. "ಏನೂ ಇಲ್ಲ. ಹೊಸ ಬಟ್ಟೆ ಹಾಗಿದೆ."

ತಮ್ಮ ಮೂಗಿಟ್ಟ. ಮರುಕ್ಷಣ ಕಿಟಕಿಯ ಹತ್ತಿರ ಇದ್ದ.

"ಅಯ್ಯಪ್ಪಾ! ಸತ್ತೆ!"

"ನಾಟಕ ಆಡ್ಬೇಡ್ವೋ."

"ನಾಟಕ ಅಲ್ಲ ಭಾವ, ಕಣ್ಣಲ್ಲಿ ನೀರು ಬಂತು, ನೋಡಿ ಬೇಕಾದ್ರೆ!"

"ಇಬ್ಬರು ಇಲ್ಲ ಅಂದಿದೀವಿ, ಇವನೊಬ್ಬ ಇದೆ ಅಂತಾನೆ. ಯಾರು ಸುಳ್ಳು ಹೇಳ್ತಿರೋದು ಅಂತ ಇದರಲ್ಲೇ ಗೊತ್ತಾಗತ್ತೆ," ಎಂದ ಗಂಡ.

ಅಕ್ಕನಿಗೆ ಗೊತ್ತಾಯಿತು. ತನ್ನ ಮೈವಾಸನೆ ತನಗೆ ಬರುವುದಿಲ್ಲ. ತಮ್ಮನಿಗೆ ಬಂತು ಎಂದರೆ ಅದು ತಮ್ಮನದಲ್ಲ. ಗಂಡನಿಗೆ ಬರಲಿಲ್ಲ. ಅವಳಿಗೂ ಬರಲಿಲ್ಲ, ಏಕೆಂದರೆ ಮದುವೆಯಾದಾಗಿನಿಂದ ಅದರ ಮಗ್ಗುಲಲ್ಲೇ ಮಲಗಿ ಏಳುತ್ತಿದ್ದಳು. ತಮ್ಮನ ಮುಖ ನೋಡಿದಳು. ಅವನು ಭಾವನತ್ತ ಒಮ್ಮೆ ನೋಡಿ ಕಣ್ಣು ತಿರುಗಿಸಿದ. ಅವನಿಗೂ ತಿಳಿದಿತ್ತು.

"ಇನ್ನೊಂದು ಸಲ ಒಗೀಬೇಕು. ಮೂಸೋ ಕೆಲಸ ಇವನದು," ಎಂದಳು.

ಈ ಸಲ ಪಾತ್ರೆ ತೊಳೆಯುವ ಸೋಪಿನ ನೀರನ್ನು ಕಂಕುಳು, ಕತ್ತು, ಬೆನ್ನಿಗೆ ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದಳು. ಜಿಡ್ಡು ಬಿಡಿಸುವುದಕ್ಕೆ ಬಾಣಲೆಯಾದರೇನು, ಕರಡಿಯಾದರೇನು. ಚೆನ್ನಾಗಿ ತೊಳೆದು, ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದಿಷ್ಟು ಹೊತ್ತು ಬಿಟ್ಟು, ಮತ್ತೆ ತೊಳೆದಳು. ತಲೆಯೊಳಗಿನ ಸ್ಪಂಜನ್ನು ಅದೇ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟಳು. ಪೂರ್ತಿ ಒಣಗಿದ ಮೇಲೆ ಮತ್ತೆ ತೊಟ್ಟು ಬೆವರಿದಳು. ತಮ್ಮ ದೂರದಿಂದ ಶುರುಮಾಡಿ ಹತ್ತಿರ ಬಂದ. ಕೊನೆಗೆ ಕಂಕುಳಲ್ಲಿ ಮುಖವನ್ನೇ ಇಟ್ಟ.

"ಹೋಗಿದೆ ಅಕ್ಕ. ಆಣೆ."

ಮೂವರೂ ಕರಡಿಯನ್ನು ಹೊತ್ತುಕೊಂಡು ಅಂಗಡಿಗೆ ಹೋದರು. ಬೆಚ್ಚಗೆ ಮಾಡಿ ನೋಡಿ ಎಂದು ಅಕ್ಕ ಹೇಳಿದ್ದರಿಂದ ಮಾಲೀಕ ಅದನ್ನು ಹೀಟರಿನ ಮುಂದೆ ಹಿಡಿದು ಮೂಸಿದ. ತಲೆಯಾಡಿಸಿದ.

"ಸರಿ. ಹೆಸರು?"

ಮಾಲೀಕ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ.

"ತಮ್ಮಂದೇ ತಾನೆ? ನಾನೂ ಅಂದ್ಕೊಂಡಿದ್ದೆ."

"ಹೂಂ ಸರ್, ನಂದೇ," ಎಂದ ತಮ್ಮ, ನೆಲ ನೋಡುತ್ತ.

ಭಾವ ನಿಟ್ಟುಸಿರು ಬಿಟ್ಟ. "ಹುಡುಗ ಒಪ್ಪಿಕೊಂಡನಲ್ಲ, ದೊಡ್ಡ ಗುಣ," ಎಂದು ಅವನ ಬೆನ್ನು ತಟ್ಟಿದ.

"ಅವನದಲ್ಲ ಸರ್," ಎಂದಳು ಅಕ್ಕ. "ಇವರದು."

ತಮ್ಮನ ಬೆನ್ನ ಮೇಲಿದ್ದ ಕೈಯನ್ನು ಭಾವ ತೆಗೆದ.

"ಖಚಿತನಾ?" ಎಂದ ಮಾಲೀಕ.

"ಖಚಿತ. ನನಗೆ ವಾಸನೆಯೇ ಬರಲಿಲ್ಲ."

ಮಾಲೀಕನಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ಭಾವ ಹೇಳಿಸಿಕೊಳ್ಳದೆಯೇ ಅರ್ಥಮಾಡಿಕೊಂಡ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಗೊತ್ತಾಗ್ಲಿಲ್ಲ ರೀ."

ಅದು ಹೊಗಳಿಕೆಯೋ ಬೈಗುಳವೋ ಎಂದು ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಕರಡಿಯ ತಲೆಯನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟು ಹೊರಡಲು ತಿರುಗಿದ.

"ತಡೀರಿ," ಎಂದಳು ಅಕ್ಕ. "ಸರ್, ಹತ್ತಿ ಬಟ್ಟೆಯಾದ್ರೆ ಬೆವರು ಹೀರ್ಕೊಳ್ಳತ್ತೆ, ಒಗೆದ್ರೆ ಬಿಟ್ಟುಬಿಡತ್ತೆ. ಕತ್ತಿಂದ ಕಾಲಿನವರೆಗೆ ಇಬ್ಬರಿಗೂ ಹತ್ತಿಯ ಒಳ ಅಂಗಿ ಹೊಲೀತೀನಿ. ದಿನಾ ಒಗೀತೀನಿ. ಕರಡಿಗೆ ಇವರ ಮೈಯೇ ತಾಗಲ್ಲ. ನಡಿಗೆ ನೋಡಿದೀರಲ್ಲ ಇವರದು, ನಿಜವಾದ ಕರಡಿನೂ ಹಾಗೆ ನಡೆಯಲ್ಲ."

ಮಾಲೀಕ ತಮ್ಮನ ನಡಿಗೆಯನ್ನು ನೆನೆದುಕೊಂಡಂತೆ ಕಂಡಿತು.

"ನೋಡೋಣ. ಆದರೆ ಪ್ರತಿ ಪಾಳಿ ಮುಗಿದ ಮೇಲೆ ಯಾರಾದ್ರೂ ಮೂಸಿ ನನಗೆ ಹೇಳ್ಬೇಕು. ನೀನಲ್ಲ. ನಿನ್ನ ಮೂಗು ಕೆಟ್ಟಿದೆ."

'ಕರಡಿ ರಜೆಯಲ್ಲಿದೆ' ಬೋರ್ಡು ಇಳಿಯಿತು. ಹೊಸ ಒಳ ಅಂಗಿಯ ಮೇಲೆ ಕರಡಿ ತೊಟ್ಟು ಬೆಳಗಿನ ಪಾಳಿ ಮುಗಿಸಿದ ಭಾವ ಹಿಂದಿನ ಕೋಣೆಗೆ ಬಂದು ನಿಂತ. ಬಾಗಿಲಲ್ಲಿ ಮಾಲೀಕ ಕೈಕಟ್ಟಿ ನಿಂತಿದ್ದ. ಅಕ್ಕ ಮಿಷನ್ ನಿಲ್ಲಿಸಿದಳು.

"ಕೈ ಎತ್ತಿ ಭಾವ," ಎಂದ ತಮ್ಮ.

ಭಾವ ಗೋಡೆ ನೋಡುತ್ತ ಎರಡೂ ಪಂಜಗಳನ್ನು ಎತ್ತಿದ. ತಮ್ಮ ಎಡಗಡೆ ಮೂಸಿದ, ಬಲಗಡೆ ಮೂಸಿದ, ಹಿಂದೆ ಹೋಗಿ ಬೆನ್ನು ಮೂಸಿದ. ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಬೇಗ ಹೇಳೋ, ಕೈ ನೋಯ್ತಿದೆ."

"ಇರಿ ಭಾವ, ಸರಿಯಾಗಿ ನೋಡ್ಬೇಕು," ಎಂದು ತಮ್ಮ ಮತ್ತೆ ಎಡಗಡೆಯಿಂದ ಶುರುಮಾಡಿದ.